ಒಂದು ‘ರೀ’ಯಷ್ಟು ದೂರ

ನಮ್ಮ ಕಟ್ಟಡದಲ್ಲಿ ಈಗ ಯಾರೂ ಯಾರಲ್ಲೂ ಕ್ಷಮೆ ಕೇಳುವುದಿಲ್ಲ. ಸ್ಕೂಟರು ದಾರಿಗೆ ಅಡ್ಡ ನಿಂತಿದ್ದರೆ ನಿಂತಿರುತ್ತದೆ, ಕಸದ ಡಬ್ಬಿ ಪಕ್ಕದವರ ಬಾಗಿಲಿಗೆ ಸರಿದಿದ್ದರೆ ಸರಿದಿರುತ್ತದೆ. ಜೋರಾಗಿ ನಾಲ್ಕು ಮಾತಾಗುತ್ತವೆ, ಕೆಲವು ದಿನ ಮುಖ ತಿರುಗಿಸಿಕೊಂಡು ಓಡಾಡುತ್ತೇವೆ, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ನಗುತ್ತೇವೆ. ಪುಣೆಯ ಈ ಸದಾಶಿವ ಪೇಠೆಯಲ್ಲಷ್ಟೇ ಏಕೆ, ಎಲ್ಲ ಕಡೆಯೂ ಸಂಸಾರಸ್ಥರು ಬದುಕುವುದು ಹೀಗೆಯೇ. ಕೆಳಗಿನ ಮನೆಯ ಸಿಸ್ಟರ್ ಇದ್ದಷ್ಟು ವರ್ಷ ಮಾತ್ರ ನಮ್ಮ ಮೆಟ್ಟಿಲಿನ ಮೇಲೆ ಬೇರೊಂದು ರೂಢಿ ನಡೆದಿತ್ತು. ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ಅವರ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಎದ್ದು ಏನಾದರೂ ಕೆಲಸ ಹಚ್ಚಿಕೊಂಡಿದ್ದೇನೆ. ಇವತ್ತು ಏಳುವುದಿಲ್ಲ.

ಸಿಸ್ಟರ್ ಎಂದರೆ ಮಠದ ಕನ್ಯಾಸ್ತ್ರೀ ಎಂದುಕೊಳ್ಳಬೇಡಿ. ಅವರು ನರ್ಸ್ ಆಗಿದ್ದವರು. ಪುಣೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಿ ಹೊಂದಿ, ನಮ್ಮ ಕೆಳಗಿನ ಎರಡು ಕೋಣೆಯ ಮನೆಗೆ ಬಾಡಿಗೆಗೆ ಬಂದರು. ಮದುವೆಯಾಗಿರಲಿಲ್ಲ. ಊರು ಬೆಟಗೇರಿ. ನೇಕಾರರ ಮನೆತನ, ಅಜ್ಜನ ಕಾಲಕ್ಕೆ ಕ್ರೈಸ್ತರಾದವರು. ನಾನು ವಿಜಯಪುರದವಳು, ವಿಮಾ ಕಚೇರಿಯಲ್ಲಿ ಗುಮಾಸ್ತೆ, ದೇವರಿಗೂ ಸುಲಭಕ್ಕೆ ಕೈಮುಗಿಯುವ ಜಾತಿಯವಳಲ್ಲ. ಇಡೀ ದಿನ ಮರಾಠಿ ಮಾತಾಡಿ ನಾಲಗೆ ಬೇಸತ್ತವರಿಗೆ ಮೆಟ್ಟಿಲಲ್ಲಿ ಕನ್ನಡ ಸಿಕ್ಕರೆ ಎಷ್ಟು ಆಸೆಯಾಗುತ್ತದೆಂದು ಹೊರಗೆ ಬದುಕಿದವರಿಗೇ ಗೊತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಬೈಯುತ್ತಿದ್ದರು, ಬೈದು ಮರುದಿನ ಮೇಲೆ ಹತ್ತಿ ಬಂದು ಕ್ಷಮೆ ಕೇಳುತ್ತಿದ್ದರು. ಅದೊಂದು ದೊಡ್ಡ ರಾಮಾಯಣ.

ನಮ್ಮ ಪರಿಚಯವೇ ಹಾಗೆ ಆದದ್ದು. ನಾನು ಹಿಂಡದೆ ಹರವಿದ ಸೀರೆಯ ನೀರು ಅವರ ಒಣಗಿದ ಚಾದರಗಳ ಮೇಲೆ ತೊಟ್ಟಿಕ್ಕಿತ್ತು. ಕೆಳಗಿನಿಂದ ಒಂದು ದನಿ ಬಂತು ನೋಡಿ, ಕೋಚಿಂಗ್ ಕ್ಲಾಸಿನ ಹುಡುಗರು ರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿದರು. ಆ ದನಿಗೆ ಡಾಕ್ಟರುಗಳೇ ನೆಟ್ಟಗೆ ನಿಲ್ಲುತ್ತಿದ್ದರಂತೆ. ನಾನೂ ಸುಮ್ಮನಿರುವವಳಲ್ಲ. ಜಗಳವೆಂದರೆ ನಮ್ಮ ತವರಿನಲ್ಲಿ ಊಟದ ನಂತರದ ಎಲೆ ಅಡಿಕೆ ಇದ್ದಂತೆ. ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾದಾಗ ಸೆರಗು ಸೊಂಟಕ್ಕೆ ಸಿಗಿಸಿಕೊಂಡೇ ತೆರೆದೆ. ಎತ್ತರದ ಹೆಂಗಸು, ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಎರಡು ಕೈ ಮುಂದೆ ಕಟ್ಟಿಕೊಂಡು ನಿಂತಿದ್ದರು.

“ನಿನ್ನೆ ನಿಮ್ಮ ಮ್ಯಾಲೆ ಒದರಿದೆ. ತಪ್ಪು ಮಾಡೀನಿ. ಕ್ಷಮಾ ಮಾಡ್ರಿ,” ಎಂದರು.

ಸೊಂಟಕ್ಕೆ ಸಿಗಿಸಿದ ಸೆರಗನ್ನು ಬಿಚ್ಚಿಕೊಂಡೆ. “ಇರ್ಲಿ ಬಿಡ್ರಿ, ತಪ್ಪ ಆಗ್ತಾವ,” ಎಂದೆ.

“ಆಗೂದಿಲ್ರಿ. ಮಾಡ್ತೀವಿ.”

ಇದೇ ಅವರು. ನಾವೆಲ್ಲ ‘ತಪ್ಪಾತು’ ಎನ್ನುತ್ತೇವೆ. ಹಾಲು ಉಕ್ಕಿದಂತೆ, ಕರೆಂಟು ಹೋದಂತೆ, ತಪ್ಪು ತಾನೇ ಬಂದು ಆಗಿಬಿಟ್ಟಿದೆ. ಅದರಲ್ಲಿ ನಮ್ಮ ಕೈ ಇಲ್ಲ. ಮರಾಠಿಯವರೂ ಕಡಿಮೆಯಲ್ಲ, ‘ಚೂಕ್ ಝಾಲೀ’ ಎಂದು ಮುಗಿಸುತ್ತಾರೆ. ಸಿಸ್ಟರ್ ಮಾತ್ರ ಎರಡು ಭಾಷೆಯಲ್ಲೂ ತಪ್ಪನ್ನು ‘ಮಾಡುತ್ತಿದ್ದರು’. ಒಮ್ಮೆ ನಾವಿಬ್ಬರೂ ನಮ್ಮ ಬೀದಿ ತುದಿಯ ರಿಕ್ಷಾದಲ್ಲಿ ಹೋಗುವಾಗ ಚಾಲಕ ಸುತ್ತುದಾರಿ ಹಿಡಿದನೆಂದು ಗದರಿದರು. ಮುಂದೆ ರಸ್ತೆ ಅಗೆದದ್ದು ಕಂಡಿತು. ಇಳಿದ ಮೇಲೆ ಅವನ ಎದುರು ನಿಂತು “ಮೀ ಚೂಕ್ ಕೇಲೀ” ಎಂದರು, ‘ನಾನು ತಪ್ಪು ಮಾಡಿದೆ’ ಎಂದು. ಅವನು ನನ್ನ ಕಡೆ ನೋಡಿ, ಈ ಅಜ್ಜಿಗೆ ಮರಾಠಿ ಬರುವುದಿಲ್ಲವೇ ಎಂದು ಕಣ್ಣಲ್ಲೇ ಕೇಳಿದ. ಬರುತ್ತಿತ್ತು, ನನಗಿಂತ ಚೆನ್ನಾಗಿ ಬರುತ್ತಿತ್ತು.

ಅವರು ಸ್ವಭಾವದಿಂದ ವಿನಯವಂತೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮೂಗಿನ ತುದಿಯಲ್ಲಿ ಸಿಟ್ಟು. ತಾನು ಹೇಳಿದ್ದೇ ಸರಿ ಎಂಬ ಹಟ. ಮಗ್ಗುಲ ಮನೆಯವರು ಹಾಸಿಗೆ ಹಾಸಿದ ರೀತಿ ಕಂಡರೂ ಕೈ ಚಡಪಡಿಸುತ್ತಿತ್ತು, ಚಾದರದ ಮೂಲೆ ಮಡಚಿ ಬಿಗಿಯಾಗಿ ಸಿಕ್ಕಿಸದೆ ಹೊರಗೆ ಬರುತ್ತಿರಲಿಲ್ಲ. ಒಂದು ಸಲ ನಾನು ನೇರವಾಗಿಯೇ ಕೇಳಿದೆ, ಇಷ್ಟು ಸಿಟ್ಟಿನವರು ಇಷ್ಟು ಸಲ ಬಾಗುವುದು ಹೇಗೆ ಎಂದು.

“ನನ್ನ ಸ್ವಭಾವದಾಗ ಇಲ್ಲರಿ ಅದು,” ಎಂದರು. “ಬಿ.ಪಿ. ಗುಳಗಿ ತಗೊಂಡಂಗ ದಿನಾ ತಗೋಬೇಕು. ಒಂದಿನ ಬಿಟ್ರ ಏರತೈತಿ. ನಮ್ಮ ಸ್ವಾಮಿ ತನ್ನನ್ನ ತಗ್ಗಿಸಿಕೊಂಡ. ಆತಗ ತಗ್ಗೂ ಅವಶ್ಯಕತಾ ಏನಿತ್ರಿ? ನನಗ ಐತಿ.”

ಏಸುವನ್ನು ಅವರು ಯಾವಾಗಲೂ ‘ನಮ್ಮ ಸ್ವಾಮಿ’ ಎನ್ನುತ್ತಿದ್ದರು, ಮನೆಯ ಹಿರಿಯರ ಮಾತು ತೆಗೆದಂತೆ. ಭಾನುವಾರ ಮಧ್ಯಾಹ್ನ, ಮರಾಠಿ ಸಭೆಯವರ ಆರಾಧನೆ ಮುಗಿದ ಮೇಲೆ, ಅದೇ ಪ್ರಾರ್ಥನಾಲಯದಲ್ಲಿ ಕನ್ನಡದವರಿಗೆ ಜಾಗ ಸಿಗುತ್ತಿತ್ತು. ಗದಗ ಹುಬ್ಬಳ್ಳಿ ಕಡೆಯ ಹಳೆಯ ಕುಟುಂಬಗಳು ಕೆಲವು, ಹೊಸದಾಗಿ ಬಂದ ಬೆಂಗಳೂರಿನ ಐ.ಟಿ. ಮಂದಿ ಕೆಲವರು. ಆ ಹೊಸಬರು ಗಿಟಾರ್ ಹಿಡಿದು ಹಳೆಯ ಕೀರ್ತನೆಗಳನ್ನು ಕುದುರೆ ಓಡಿಸಿದಂತೆ ಹಾಡುತ್ತಿದ್ದರು. ಸಿಸ್ಟರಿಗೆ ಆ ಕೀರ್ತನೆಗಳು ಅವ್ವನ ಬಾಯಿಂದ ಬಂದವು. ಆದರೂ ಹೊಸಬರ ಲಯಕ್ಕೇ ಹಾಡುತ್ತಿದ್ದರು. ಮನೆಗೆ ಬಂದು ನನ್ನೆದುರು “ಉಪವಾಸ ಇರಬೌದು, ಆ ತಾಳಕ್ಕ ಹಾಡೂದು ಭಾಳ ಕಠಿಣ” ಎಂದು ತಲೆಗೆ ಕೈಹಚ್ಚಿ ಕೂರುತ್ತಿದ್ದರು. ನಾನು ನಕ್ಕರೆ ತಾವೂ ನಗುತ್ತಿದ್ದರು.

ಶುಭ ಶುಕ್ರವಾರದ ಹಿಂದಿನ ಸಂಜೆ ಒಂದು ವರ್ಷ ನನ್ನನ್ನೂ ಕರೆದುಕೊಂಡು ಹೋದರು. ಏಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಅವತ್ತು ಪಾಸ್ಟರ್ ಸಭೆಯವರ ಕಾಲು ತೊಳೆಯುತ್ತಾರೆ. ಪಾಸ್ಟರ್ ಬಗ್ಗಿ ಕೂತಿದ್ದಾಗ ಐ.ಟಿ.ಯ ತರುಣನೊಬ್ಬ ಮುಂದೆ ಬಂದು ಫೋನ್ ಎತ್ತಿ ಹಿಡಿದ. “ಆಂಟಿ, ಒಂಚೂರು ಸೈಡಿಗೆ ಬನ್ನಿ, ಸ್ಟೇಟಸ್‌ಗೆ ಹಾಕ್ತೀನಿ,” ಎಂದು ಸಿಸ್ಟರಿಗೇ ಹೇಳಿದ. ಹೆಡ್ ನರ್ಸ್ ಎದ್ದುನಿಂತರು. ಆ ದನಿಗೆ ಪಾಸ್ಟರ್ ಕೈಯ ಚೊಂಬು ಕೂಡ ನಡುಗಿತು. ಮುಂದಿನ ವಾರ ಸಭೆಯಲ್ಲಿ ಮೈಕ್ ಹಿಡಿದು, ಎಲ್ಲರ ಎದುರು ಆ ತರುಣನ ಕ್ಷಮೆ ಕೇಳಿದರಂತೆ. ಹಾಗೆಂದು ಅವರೇ ಬಂದು ವಿವರವಾಗಿ ಹೇಳಿದರು. ಹಲವರು ಅತ್ತರಂತೆ.

“ಆ ಹುಡುಗನ ಮನಿಗೆ ಹೋಗಿ ಹೇಳಿದ್ರ ಸಾಕಿತ್ತಲ್ರಿ ಸಿಸ್ಟರ್. ಮೈಕ್ ಯಾಕ ಬೇಕಿತ್ತು?” ಎಂದು ನಾನು ಚೇಷ್ಟೆಗೆ ಕೇಳಿದೆ.

ಅವರ ಮುಖ ಇಳಿಯಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಮರುದಿನ ಬಂದು, “ನೀವು ಅಂದದ್ದು ಖರೇ ಐತ್ರಿ. ಮೈಕ್ ಹಿಡಿದಾಗ ನನಗ ಛಲೋ ಅನಿಸಿತ್ತು. ವಿನಯದಾಗೂ ನಾ ಹೆಡ್ ನರ್ಸ್ ಆಗೀನಿ,” ಎಂದರು. ನನಗೆ ನಗು ಬಂತು. ಅವರು ನಗಲಿಲ್ಲ. ಅಂದಿನಿಂದ ಅವರ ಕ್ಷಮಾಪಣೆಗಳು ಗಿಡ್ಡವಾದವು, ಇಬ್ಬರ ನಡುವೆಯೇ ಮುಗಿಯತೊಡಗಿದವು.

ನನ್ನ ಅವ್ವ ವಿಜಯಪುರದಲ್ಲಿ ತೀರಿಕೊಂಡು, ಎಲ್ಲ ಮುಗಿಸಿ ನಾನು ಪುಣೆಗೆ ಹಿಂದಿರುಗಿದಾಗ ಊಟ ಸೇರುತ್ತಿರಲಿಲ್ಲ. ಮನೆಯವರು ಹೇಳಿ ಸಾಕಾಗಿದ್ದರು. ಸಿಸ್ಟರ್ ತಟ್ಟೆಯಲ್ಲಿ ಗಂಜಿ ತಂದು ನನ್ನ ಪಕ್ಕದಲ್ಲಿ ನೆಲಕ್ಕೆ ಕೂತರು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ. “ಬಾಯಿ ತಗಿ. ನುಂಗು. ಇನ್ನೊಂದು ತುತ್ತು ತಿನ್ನು,” ಎಂದರು. ಅಲ್ಲಿಯವರೆಗೆ ನನಗೆ ತಗೋರಿ, ಬರ್ರಿ ಎನ್ನುತ್ತಿದ್ದವರು ಅವತ್ತು ಮೊದಲ ಸಲ ಏಕವಚನಕ್ಕೆ ಇಳಿದಿದ್ದರು. ನಮ್ಮ ಕಡೆ ‘ರೀ’ ಎಂದರೆ ಮರ್ಯಾದೆ, ಅದು ಹೊರಗಿನವರಿಗೆ. ಅವ್ವನಿಗೆ, ಅಕ್ಕನಿಗೆ ಯಾರು ‘ರೀ’ ಹಚ್ಚುತ್ತಾರೆ? ಅವ್ವನನ್ನು ಕಳೆದುಕೊಂಡು ಕೂತಿದ್ದಾಗ ಆ ‘ತಿನ್ನು’ ಕೇಳಿ ನಾನು ಅತ್ತೆ, ಅತ್ತು ತಿಂದೆ. ಆಮೇಲೆ ಕೊನೆಯವರೆಗೂ ಅವರಿಗೆ ನಾನು ‘ನೀ’ಯೇ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಪ್ರತಿವರ್ಷ ಕ್ರಿಸ್‌ಮಸ್ ಮರುದಿನ ಸಿಸ್ಟರ್ ಒಂದು ಡಬ್ಬಿ ತುಂಬ ಕರಜಿಕಾಯಿ ಕಟ್ಟಿಕೊಂಡು ಹತ್ತಿರದ ರೈಲ್ವೆ ಊರು ದೌಂಡಕ್ಕೆ ಹೋಗಿಬರುತ್ತಿದ್ದರು. ಯಾರೋ ಪರಿಚಯದವರು ಎಂದುಕೊಂಡಿದ್ದೆ. ಒಂದು ವರ್ಷ ಮಂಡಿನೋವು ಜಾಸ್ತಿಯಾಗಿ, ರೈಲು ಹತ್ತಿಸಲು ಜೊತೆಗೆ ಬಾ ಎಂದರು. ಹತ್ತಿಸಲು ಹೋದವಳು ನಾನೂ ಹತ್ತಿದೆ. ಕಬ್ಬಿನ ಹೊಲಗಳು ಶುರುವಾದ ಮೇಲೆ ಅವರು ಮಾತು ನಿಲ್ಲಿಸಿದರು. ದೌಂಡದಲ್ಲಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಸಣ್ಣ ಮನೆ. ರೈಲ್ವೆಯಿಂದ ನಿವೃತ್ತರಾದ ಯಜಮಾನರು “ಬರ್ರಿ ಅಕ್ಕಾರ, ಬರ್ರಿ!” ಎಂದು ಕೈಯ ಡಬ್ಬಿ ಇಸಿದುಕೊಂಡರು. ಒಳಗಿನಿಂದ ಹಣೆಗೆ ಕುಂಕುಮವಿಟ್ಟ ಹೆಂಗಸೊಬ್ಬರು ಬಂದರು.

“ಬರ್ರಿ. ಕೂಡ್ರಿ. ಆರಾಮದೀರಿ?”

“ಆರಾಮ ಅದೀನವ್ವಾ. ನೀ?”

“ಹೂನ್ರಿ. ಚಾ ತಗೋರಿ.”

ಸ್ಟೀಲಿನ ತಟ್ಟೆಯಲ್ಲಿ ಕಪ್ಪು ಇಟ್ಟು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಸಾಹೇಬರ ಹೆಂಡತಿ ಮನೆಗೆ ಬಂದಾಗ ಕೊಡುವ ರೀತಿ. ಸಿಸ್ಟರ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಹವಾಮಾನದ ಮಾತಾಯಿತು, ಕಬ್ಬಿನ ಮಾತಾಯಿತು. ಹೊರಡುವಾಗ ಆ ಹೆಂಗಸು ಬಾಗಿಲವರೆಗೆ ಬಂದು “ಹೋಗಿ ಬರ್ರಿ” ಎಂದರು. ನನಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಮನೆತನದವರು, ಮರ್ಯಾದಸ್ಥರು ಎಂದು ದಾರಿಯಲ್ಲಿ ಹೊಗಳಿದೆ. ಸಿಸ್ಟರ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, “ಆಕಿ ನನ್ನ ತಂಗಿ,” ಎಂದರು. “ಒಡಹುಟ್ಟಿದ ತಂಗಿ. ನಾನ ಬೆಳೆಸಿದ್ದು.”

ಒಡಹುಟ್ಟಿದ ಅಕ್ಕನಿಗೆ ‘ಕೂಡ್ರಿ’!

ಹಿಂದಿರುಗುವ ರೈಲಿನಲ್ಲಿ ಹೇಳಿದರು. ಅಪ್ಪ ಬೇಗ ಹೋದ, ಅವ್ವನೂ ಹೋದಳು. ತಂಗಿಯನ್ನು ಇವರೇ ತಮ್ಮ ಸಂಬಳದಲ್ಲಿ ಓದಿಸಿ, ಸಭೆಯ ಒಳ್ಳೆಯ ಹುಡುಗನನ್ನು ನೋಡಿ ಇಟ್ಟಿದ್ದರು. ತಂಗಿ ರೈಲ್ವೆಯಲ್ಲಿದ್ದ ಹಿಂದೂ ಹುಡುಗನನ್ನು ಮೆಚ್ಚಿ, ರಿಜಿಸ್ಟರ್ ಮದುವೆಯಾಗಿ, ಅಕ್ಕನ ಆಶೀರ್ವಾದಕ್ಕೆಂದು ಬೆಟಗೇರಿಯ ಮನೆಗೆ ಗಂಡನನ್ನು ಕರೆದುಕೊಂಡು ಬಂದಳು. ಓಣಿಯ ಜನ ಎಲ್ಲ ಹೊರಗೆ ನಿಂತಿದ್ದರು. “ಅಕ್ಕಾ” ಎಂದು ಕಾಲಿಗೆ ಬಗ್ಗಿದಳು. ಇವರು ಹೊಸ್ತಿಲಲ್ಲಿ ನಿಂತು, ಹಿಂದೆ ಸರಿದು, ಒಂದೇ ಮಾತು ಕೇಳಿದರು.

“ನೀವು ಯಾರ್ರಿ?”

ರೈಲಿನ ಸದ್ದಿನಲ್ಲಿ ಆ ಮಾತು ನನಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿಸಿದೆ.

“ಆವಾಗ ನಾ ದೇವರ ಪರವಾಗಿ ಮಾತಾಡಾಕತ್ತೀನಿ ಅಂದ್ಕೊಂಡಿದ್ದೆ. ದೇವರು ಎಲ್ಲಿ ಹೇಳಿದ್ದ? ನನ್ನ ಮಾತು ಮೀರಿದ್ಲಲ್ಲ ಅನ್ನೂ ಸೊಕ್ಕು ಅದು. ಹೆಸರು ಮಾತ್ರ ದೇವರದು ಹೇಳಿದೆ. ಆಮ್ಯಾಲೆ ಭಾಳ ವರ್ಷಕ್ಕ ಬುದ್ಧಿ ಬಂತು. ಹೋಗಿ, ತಪ್ಪು ಮಾಡೀನವ್ವಾ ಅಂದೆ. ಆಕಿ ‘ಇರ್ಲಿ ಬಿಡ್ರಿ’ ಅಂದ್ಲು. ಬೈಯಲಿಲ್ಲ. ಬಾಗಲಾ ಹಾಕಲಿಲ್ಲ. ನಾ ಕೊಟ್ಟ ‘ರೀ’ ಐತಲ್ಲ, ಅದನ್ನ ಜ್ವಾಕ್ಯಾಗಿ ಇಟ್ಕೊಂಡಾಳ. ಹೋದಾಗೊಮ್ಮೆ ಚಾ ಜೋಡಿ ಕೊಡ್ತಾಳ.”

“ನೀವ ಬಾಯಿಬಿಟ್ಟು ಹೇಳ್ರಿ, ನನಗ ಅಕ್ಕಾ ಅನ್ನು ಅಂತ,” ಎಂದೆ.

“ಬೇಡಿದ್ರ ಅಂತಾಳ. ಛಲೋ ಹುಡುಗಿ ಅದಾಳ. ಬೇಡಿಸಿಕೊಂಡು ಅಂದದ್ದು ಆಕಿದಲ್ಲ, ನಂದು.” ಮತ್ತೆ ತಾವೇ, “ನಾ ಇಸ್ಕೊಳ್ಳಾಕ ಹೋಗೂದಿಲ್ಲ. ಅಕ್ಕ ಬಂದು ಹೋದ್ಲು ಅಂತ ಆಕಿಗೆ ಗೊತ್ತಿದ್ರ ಸಾಕು,” ಎಂದರು.

ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುಂದಿನ ವರ್ಷವೂ ಜೊತೆಗೆ ಹೋದೆ, ಅದರ ಮುಂದಿನ ವರ್ಷವೂ. ಪ್ರತಿ ಸಲ ಚಹಾದ ಕಪ್ಪು ಬರುವಾಗ ಈ ಸಲವಾದರೂ ಬಾಯಿ ತಪ್ಪಿ ‘ತಗೋ ಅಕ್ಕಾ’ ಎನ್ನಬಹುದೆಂದು ಕಿವಿ ನಿಮಿರಿಸಿ ಕೂರುತ್ತಿದ್ದೆ. ‘ತಗೋರಿ’ ಎಂದೇ ಬರುತ್ತಿತ್ತು. ಸಿಸ್ಟರ್ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ತಾನು ಸುಟ್ಟ ಕೈಗೆ ತಾನೇ ಮುಲಾಮು ಹಚ್ಚುವ ನರ್ಸಿನಂತೆ ಆ ಮರ್ಯಾದೆಯನ್ನು ತಾಳಿಕೊಂಡು, ಕಪ್ಪು ಖಾಲಿ ಮಾಡಿ, ತೊಳೆಯುವ ಜಾಗಕ್ಕೆ ಒಯ್ದು ಇಡುತ್ತಿದ್ದರು. ತಂಗಿ “ಇರ್ಲಿ ಬಿಡ್ರಿ, ನೀವ್ಯಾಕ” ಎಂದು ಕಸಿದುಕೊಳ್ಳುತ್ತಿದ್ದಳು.

ಹೊಟ್ಟೆಯ ಬೇನೆ ಒಂದು ಮಳೆಗಾಲದ ಕೊನೆಗೆ ಶುರುವಾಯಿತು. ತಪಾಸಣೆಯ ಕಾಗದ ಡಾಕ್ಟರು ಓದುವ ಮೊದಲೇ ಅವರು ಓದಿಕೊಂಡಿದ್ದರು. ಆಪರೇಷನ್ ಬೇಡ ಎಂದರು. ಮನೆಯಲ್ಲೇ ಇದ್ದರು. ಜೀವಮಾನವಿಡೀ ಬೇರೆಯವರ ಮೈ ಒರೆಸಿ, ಬೇರೆಯವರ ಹೊಲಸು ತೆಗೆದ ಕೈಗಳು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದವು. ಹಗಲಿಗೆ ಒಬ್ಬ ಮಾವಶಿಯನ್ನು ಗೊತ್ತುಮಾಡಿದೆವು. ಇಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಆಯಾಗಳಿಗೆ ಹಾಗೆನ್ನುತ್ತಾರೆ. ಮೊದಮೊದಲು ಆಕೆ ಚಾದರ ಬದಲಿಸಿದರೆ ಸಿಸ್ಟರಿಗೆ ಸಹಿಸಲಾಗುತ್ತಿರಲಿಲ್ಲ, ಮೂಲೆ ಸಡಿಲ ಎಂದು ಗದರುತ್ತಿದ್ದರು. ಗದರಿ, ಉಸಿರು ಕೂಡಿಸಿಕೊಂಡು, “ಮೀ ಚೂಕ್ ಕೇಲೀ” ಎನ್ನುತ್ತಿದ್ದರು. ಮಾವಶಿ ಗಾಬರಿಯಾಗಿ ನನ್ನನ್ನು ಕರೆಯುತ್ತಿದ್ದಳು.

ಒಂದು ಮಧ್ಯಾಹ್ನ ನಾನೇ ಮೈ ಒರೆಸುತ್ತಿದ್ದೆ. ಅವರು ಮುಖ ಗೋಡೆಯ ಕಡೆ ತಿರುಗಿಸಿ ಅಳುತ್ತಿದ್ದರು. ನೋವೇ ಎಂದು ಕೇಳಿದೆ. “ಅಲ್ಲ. ಮಾಡಿಸಿಕೊಳ್ಳೂದು ಗೊತ್ತ ಇರಲಿಲ್ಲ ನನಗ. ನಾ ಇನ್ನೊಬ್ರಿಗೆ ಮಾಡುವಾಗೆಲ್ಲ ಮ್ಯಾಲೇ ನಿಂತಿದ್ದೆ,” ಎಂದರು. ನಾನು ಟವೆಲ್ಲು ಹಿಂಡಿ ಬೆನ್ನು ಒರೆಸಿದೆ.

ಆ ವರ್ಷ ಕ್ರಿಸ್‌ಮಸ್ ಬಂದಾಗ ಎದ್ದು ಕೂರಲೂ ಆಗುತ್ತಿರಲಿಲ್ಲ. ಹೇಳಿಕೊಟ್ಟು ನನ್ನ ಕೈಯಿಂದಲೇ ಕರಜಿಕಾಯಿ ಮಾಡಿಸಿ, ದೌಂಡದ ಕಡೆ ಹೊರಟಿದ್ದ ಸಭೆಯವರೊಬ್ಬರ ಕೈಲಿ ಡಬ್ಬಿ ಕಳಿಸಿದರು. “ಈ ವರ್ಷ ಬರಾಕ ಆಗಲಿಲ್ಲ ಅಂತ ಹೇಳ್ರಿ. ಆರಾಮಿಲ್ಲ ಅಂತ ಹೇಳಬ್ಯಾಡ್ರಿ,” ಎಂದು ಅವರಿಗೆ ಎರಡೆರಡು ಸಲ ಹೇಳಿದರು.

ನನಗೆ ತಡೆಯಲಾಗಲಿಲ್ಲ. “ಫೋನ್ ಮಾಡ್ತೀನ್ರಿ ನಾ. ಆಕಿಗೆ ತಿಳೀಬೇಕು.”

“ಬ್ಯಾಡ.”

“ಯಾಕ್ರಿ? ಬರ್ತಾಳ ಆಕಿ.”

“ಬರ್ತಾಳಂತನ ಬ್ಯಾಡ. ಸಾಯೂ ಮುಂದ ಕರೆದ್ರ ಒಲ್ಲೆ ಅನ್ನಾಕ ಬರತೈತೇನು ಆಕಿಗೆ? ಹಾಸಿಗಿ ಮ್ಯಾಲೆ ಬಿದ್ದು ಕ್ಷಮಾ ಮಾಡು ಅಂದ್ರ ಅದು ಕೇಳೂದಲ್ಲ, ವಸೂಲಿ ಮಾಡೂದು.”

“ಸಿಸ್ಟರ್, ಸಿಟ್ಟಾಗಬ್ಯಾಡ್ರಿ. ಇದು ವಿನಯ ಅಲ್ಲ. ಇದೂ ಸೊಕ್ಕ ಅದ.”

ಮೊದಲಿನವರಾಗಿದ್ದರೆ ಗುಡುಗುತ್ತಿದ್ದರು. ಈಗ “ಇದ್ರೂ ಇರಬೌದು,” ಎಂದರು. “ನನಗೂ ಗೊತ್ತಾಗವಲ್ದು. ನಾ ಸತ್ತ ಮ್ಯಾಲೆ ಹೇಳು. ಆವಾಗ ಬರೂದೂ ಬಿಡೂದೂ ಆಕಿ ಕೈಯಾಗ ಇರತೈತಿ.” ನನ್ನ ಕೈ ಹಿಡಿದು ಮಾತು ತೆಗೆದುಕೊಂಡರು. ಕೊಟ್ಟೆ. ಅದು ಸರಿಯೋ ತಪ್ಪೋ ಎಂದು ಇವತ್ತಿಗೂ ನನ್ನೊಳಗೆ ಜಗಳ ನಡೆದೇ ಇದೆ, ಎರಡು ಕಡೆಯಿಂದಲೂ ನಾನೇ ವಾದಿಸುತ್ತೇನೆ.

ಸಂಜೆ ಅವರು ಪ್ರಾರ್ಥನೆ ಮಾಡುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ತಂಗಿ ತನ್ನನ್ನು ಕ್ಷಮಿಸಲಿ ಎಂದು ಅವರು ಒಮ್ಮೆಯೂ ಕೇಳಿದ್ದಿಲ್ಲ. “ಸ್ವಾಮೀ, ನಾ ಆಡಿದ ಮಾತು ಆಕಿ ಕಿವಿಯಿಂದ ತಗಿ,” ಎನ್ನುತ್ತಿದ್ದರು. ದಿನವೂ ಅದೇ. ದನಿ ಸಣ್ಣದಾಗುತ್ತ ಹೋಯಿತು, ಕೊನೆಕೊನೆಗೆ ತುಟಿ ಮಾತ್ರ ಆಡುತ್ತಿತ್ತು.

ಬಿಸಿಲು ಚುರುಕಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಮಾವಶಿ ಹಾಲು ಕಾಸಲು ಒಳಗೆ ಹೋಗಿ ಬರುವಷ್ಟರಲ್ಲಿ ಹೊರಟುಹೋಗಿದ್ದರು.

ನಾನು ಮೊದಲು ಪಾಸ್ಟರಿಗೂ ಫೋನ್ ಮಾಡಲಿಲ್ಲ, ದೌಂಡಕ್ಕೆ ಮಾಡಿದೆ. ತಂಗಿಯೇ ಎತ್ತಿದಳು. ಆಮೇಲೆ ಯಜಮಾನರು ಫೋನ್ ತೆಗೆದುಕೊಂಡು, ಬರುತ್ತೇವೆ ಎಂದರು.

ಅವರು ಬಂದು ಮುಟ್ಟುವಾಗ ಸಭೆಯ ಹೆಂಗಸರು ಸಿಸ್ಟರಿಗೆ ಬಿಳಿ ಸೀರೆ ಉಡಿಸಿ ಮುಗಿಸಿದ್ದರು. ಮನೆ ತುಂಬ ಜನ. ರಿಕ್ಷಾದವನಿಂದ ಹಿಡಿದು, ಅವರು ಯಾರಿಗೆಲ್ಲ ಬೈದಿದ್ದರೋ ಅವರೆಲ್ಲ ಬಂದಿದ್ದರು. ತಂಗಿ ಹಾಸಿಗೆಯ ಕಡೆ ಒಮ್ಮೆ ನೋಡಿ, ನೇರವಾಗಿ ಅಡುಗೆಮನೆ ಹೊಕ್ಕು, ನನ್ನನ್ನು ಒಳಗೆ ಕರೆದಳು.

“ನನಗ ಯಾಕ ಹೇಳಲಿಲ್ರಿ?”

ಇದ್ದದ್ದು ಇದ್ದಂತೆ ಹೇಳಿದೆ. ಕರೆದರೆ ನಿಮಗೆ ಒಲ್ಲೆ ಎನ್ನಲು ಬರುವುದಿಲ್ಲ ಅಂದಿದ್ದರು ಎಂದೆ. ಹೇಳುವಾಗ ನನ್ನ ದನಿಯಲ್ಲಿ ಸಿಟ್ಟಿತ್ತು. ಆಕೆಯ ಮೇಲೋ, ಸತ್ತವರ ಮೇಲೋ, ನನಗೇ ಗೊತ್ತಿಲ್ಲ.

“ಕ್ರಿಸ್‌ಮಸ್ ಮರುದಿನ ಮುಂಜಾನಿಂದ ದಾರಿ ನೋಡಿದ್ನಿ,” ಎಂದಳು. “ಚಾ ಕಪ್ಪು ಒರೆಸಿ ಇಟ್ಟಿದ್ದೆ. ಯಾವನೋ ಡಬ್ಬಿ ತಂದ. ಅವ್ರು ಯಾಕ ಬರಲಿಲ್ಲ ಅಂದೆ. ಆಗಲಿಲ್ಲಂತ ಅಂದ. ಅವ್ರಿಗೆ ಸಾಕಾತು ಅಂದ್ಕೊಂಡ್ನಿ. ಇಷ್ಟು ವರ್ಷ ಬಂದು ಬಂದು ಸಾಕಾತು, ಬಿಟ್ರು ಅಂತ. ಡಬ್ಬಿ ತಗಿಲೇ ಇಲ್ರಿ ನಾ.”

ಸತ್ತ ಮೇಲೂ ‘ಅವ್ರು’ ಎನ್ನುತ್ತಿದ್ದಾಳಲ್ಲ ಎಂದು ನನ್ನ ಸಿಟ್ಟು ಏರಿತು.

“ಕರೆದಿದ್ರ ಬರ್ತಿದ್ರೇನು?” ಎಂದು ಕೇಳಿಬಿಟ್ಟೆ.

“ಬರ್ತಿದ್ದೆ.” ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. “ಬಂದು ಏನಂತ ಮಾತಾಡಿಸ್ತಿದ್ದೆ, ನನಗ ಗೊತ್ತಿಲ್ರಿ. ಪ್ರತಿ ವರ್ಷ ಈ ಸಲ ಅಂತೀನಿ ಅಂದ್ಕೊಳ್ತಿದ್ದೆ. ಬಾಗಲದಾಗ ನಿಂತದ್ದು ಕಂಡ ಕೂಡ್ಲೆ ನಾಲಗಿ ಹೊರಳತಿದ್ದಿಲ್ಲ.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕೈ ಹಿಡಿದು ಹೊರಗೆ ಕರೆತಂದೆ. ಮಂಚದ ಹತ್ತಿರ ಜಾಗ ಮಾಡಿಕೊಟ್ಟರು. ಅವಳು ಅಳಲಿಲ್ಲ. ಬಿಳಿ ಸೀರೆಯನ್ನು ನೋಡಿದಳು, ಕಟ್ಟಿದ ಕೈಗಳನ್ನು ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ, “ತಲಿ ಯಾರು ಬಾಚ್ಯಾರ?” ಎಂದಳು.

ಸಭೆಯ ಹೆಂಗಸರು ಗಡಿಬಿಡಿಯಲ್ಲಿ ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದ್ದರು, ಅಷ್ಟೇ.

“ಹಣಿಗಿ ಕೊಡ್ರಿ.”

ಮಾವಶಿ ಹಣಿಗೆ ತಂದುಕೊಟ್ಟಳು. ತಂಗಿ ಮಂಚದ ತುದಿಗೆ ಕೂತು, ಆ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕಟ್ಟಿದ್ದನ್ನು ಬಿಚ್ಚಿ, ಸಿಕ್ಕು ಬಿಡಿಸಿ, ನಿಧಾನವಾಗಿ ಬಾಚತೊಡಗಿದಳು. ಪಾಸ್ಟರ್ ಬಾಗಿಲಲ್ಲಿ ನಿಂತು, ಗಾಡಿ ಬಂದು ಬಹಳ ಹೊತ್ತಾಯಿತು ಎಂದರು. ಆಕೆ ತಲೆಯೆತ್ತಲಿಲ್ಲ. ಗಟ್ಟಿಯಾಗಿದ್ದ ಕತ್ತು ಆಕೆಗೆ ಬೇಕಾದ ಕಡೆ ವಾಲುತ್ತಿರಲಿಲ್ಲ. ಒಮ್ಮೆ ಪ್ರಯತ್ನಿಸಿದಳು, ಇನ್ನೊಮ್ಮೆ ಪ್ರಯತ್ನಿಸಿದಳು.

“ಈ ಕಡೆ ಹೊಳ್ಳ, ಅಕ್ಕಾ,” ಎಂದಳು. “ಎಷ್ಟ ಹೇಳಿದ್ರೂ ಹೊಳ್ಳವಲ್ಲಿ ನೀ. ಬೈತಲಿ ಸೊಟ್ಟ ಆಗತೈತಿ ನೋಡು.”